ತಕರಾರಿಲ್ಲದ ರವಿವಾರ

ರಾಮತೀರ್ಥ ನಗರದ ಜೈನ ಸಮಾಜ ಭವನ, ಅದರ ಭೋಜನಶಾಲೆ, ಬೆಳಗಿನ ಏಳು ಗಂಟೆ. ಉದ್ದಕ್ಕೆ ಎರಡು ಸಾಲು ಕಬ್ಬಿಣದ ಮೇಜುಗಳು. ಪಂಕ್ತಿಯ ದಿನ ಎಲೆ ಹಾಸುವ ಜಾಗದಲ್ಲಿ ಈಗ ಹತ್ತು ಕಂಪ್ಯೂಟರುಗಳು, ಅತ್ತ ಐದು, ಇತ್ತ ಐದು, ಮಾತು ಮುಗಿದ ಬೀಗರಂತೆ ಎದುರುಬದುರು ಕುಳಿತಿವೆ. ಪೂರ್ವದ ಕಿಟಕಿಯಿಂದ ಒಂದು ಬಿಸಿಲ ಪಟ್ಟಿ ಇಳಿದು ಮೂರನೆಯ ಪರದೆಯವರೆಗೆ ಬಂದು ನಿಂತಿದೆ. ನೀಲಿ ತಂತಿಗಳು ಮೇಜಿನಿಂದ ಜೋತು, ನೆಲದ ಮೇಲೆ ಹರಿದು, ಮೂಲೆಯ ಪುಟ್ಟ ಪೆಟ್ಟಿಗೆಯೊಂದರಲ್ಲಿ ಕೂಡಿಕೊಂಡಿವೆ. ಗೋಡೆಯ ಮೇಲೆ ‘ಎಲೆಯಲ್ಲಿ ಅನ್ನ ಬಿಡಬಾರದು’ ಎಂಬ ಫಲಕ. ಅದರ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ತೊಡೆಯ ಮೇಲೆ ತಂತಿಯ ಸುರುಳಿ ಇಟ್ಟುಕೊಂಡು, ಕಣ್ಣು ಮುಚ್ಚಿ ಅಜಿತಕುಮಾರ. ಅದು ನಿದ್ದೆಯಲ್ಲ, ಪ್ರಾರ್ಥನೆಯೂ ಅಲ್ಲ. ಅವೆರಡರ ನಡುವೆ ಸಂಘ ಸಂಸ್ಥೆಗಳ ಕಾರ್ಯದರ್ಶಿಗಳಿಗೆ ಮಾತ್ರ ಗೊತ್ತಿರುವ ಒಂದು ಸ್ಥಿತಿ.

ಅಜಿತಕುಮಾರ ವಾರದ ಆರು ದಿನ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಎರಕದ ಬಿಡಿಭಾಗಗಳ ಬಿರುಕು ಹುಡುಕುತ್ತಿದ್ದ. ಏಳನೆಯ ದಿನ ಸಮಾಜದ ಬಿರುಕುಗಳಿಗೆ ತೇಪೆ ಹಚ್ಚುತ್ತಿದ್ದ. ಅದರ ಕಾರ್ಯದರ್ಶಿಯಾದ ಒಂಬತ್ತು ವರ್ಷಗಳಿಂದ ಅವನ ಒಂದು ರವಿವಾರವೂ ಅವನದಾಗಿರಲಿಲ್ಲ. ಅವನಿಗೆ ದೊಡ್ಡ ಆಸೆಗಳಿರಲಿಲ್ಲ. ಒಂದು ರವಿವಾರ, ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು, ಏನೂ ಮಾಡದೆ, ಮೋಡಗಳು ಒಂದರಿಂದ ಒಂದು ಬಿಡಿಸಿಕೊಳ್ಳುವುದನ್ನು ನೋಡುತ್ತ ಮಲಗಬೇಕು. ಅಷ್ಟೇ.

ಆದರೆ ಸಮಾಜದ ನಿಯಮಾವಳಿಯಂತೆ ಕಾರ್ಯದರ್ಶಿ ತನ್ನ ರಾಜೀನಾಮೆಯನ್ನು ಅಧ್ಯಕ್ಷರಿಗೆ ಕೊಡಬೇಕು. ಅವರು ಸ್ವೀಕರಿಸಿದರೆ ಮಾತ್ರ ಬಿಡುಗಡೆ. ಅಧ್ಯಕ್ಷ ಅನೇಕಾಂತ ಕಾಕಾ ಎಪ್ಪತ್ತು ದಾಟಿದವರು, ಹೆಸರಿಗೆ ತಕ್ಕ ಹಾಗೆ ಯಾವ ವಿಷಯದಲ್ಲೂ ಒಂದೇ ಮುಖ ಕಂಡವರಲ್ಲ. ಅಜಿತಕುಮಾರ ನಾಲ್ಕು ಸಲ ರಾಜೀನಾಮೆ ಕೊಟ್ಟಿದ್ದ. ನಾಲ್ಕು ಸಲವೂ ಅವರು, ನೀನು ಬಿಡುವುದೂ ಖರೇ, ಬಿಡಬಾರದೆನ್ನುವುದೂ ಖರೇ ಎಂದು ಕಾಗದವನ್ನು ಮಡಚಿ ಹಿಂದಕ್ಕೆ ಕೊಟ್ಟಿದ್ದರು.

ಐದನೆಯ ಸಲ ಕೊಡಲು ಹೋದಾಗ ಅಲ್ಲಿ ಅನುಜಾ ನಿಂತಿದ್ದಳು. ಎಂಜಿನಿಯರಿಂಗ್ ಮೂರನೆಯ ವರ್ಷದ ಹುಡುಗಿ. ಭವನದಲ್ಲಿ ಲ್ಯಾನ್ ಟೂರ್ನಮೆಂಟ್ ನಡೆಸಬೇಕೆಂದು ಅವಳ ಬೇಡಿಕೆ. ಇಂಟರ್ನೆಟ್ ಬೇಕಿಲ್ಲ, ಕಂಪ್ಯೂಟರುಗಳನ್ನು ಒಂದಕ್ಕೊಂದು ತಂತಿಯಿಂದ ಜೋಡಿಸಿ ಐದೈದು ಜನರ ತಂಡಗಳು ಆಡುವುದು ಎಂದು ಅವಳು ವಿವರಿಸಿದಳು. ಅನೇಕಾಂತ ಕಾಕಾ ಬಹಳ ಹೊತ್ತು ಯೋಚಿಸಿ ಅಜಿತಕುಮಾರನ ಕಡೆ ತಿರುಗಿದರು.

“ಇದೊಂದು ಕಾರ್ಯಕ್ರಮ ಮಾಡು ಅಜಿತ. ಒಂದ ಒಂದು ತಕರಾರು ಬರಬಾರದು. ಬರಲಿಲ್ಲಂದ್ರ ಅವತ್ತ ಸಂಜಿಗೆ ನಿನ್ನ ರಾಜೀನಾಮಿ ತಗೋತೀನಿ.”

ಅಜಿತಕುಮಾರನ ಕಣ್ಣ ಮುಂದೆ ಮೋಡವೊಂದು ಹಾದುಹೋಯಿತು.

ಹೀಗಾಗಿ ಈ ಬೆಳಗು. ಎಂಟಕ್ಕೆ ತಂಡಗಳು ಬಂದವು. ನಗರದ ಕಾಲೇಜಿನದೊಂದು, ಉದ್ಯಮಬಾಗದ ಕಾರ್ಮಿಕರದೊಂದು, ಬಡಾವಣೆಯ ಹುಡುಗರದೊಂದು. ನಾಲ್ಕನೆಯದು ಖಾನಾಪುರದಿಂದ ಮೊದಲ ಬಸ್ಸಿಗೆ ಬಂದದ್ದು. ಅದರ ನಾಯಕ ಯಲ್ಲೇಶ. ಜೊತೆಗೆ ಮಾಯಪ್ಪ, ಸೋಮಲಿಂಗ, ಇನ್ನಿಬ್ಬರು. ಎಲ್ಲರದೂ ಕುರಿ ಸಾಕುವ ಮನೆತನ. ತಮ್ಮ ತಮ್ಮ ಮೌಸನ್ನು ಎಲೆಯಡಿಕೆಯ ಚೀಲದಲ್ಲಿ ಜೋಪಾನವಾಗಿ ಕಟ್ಟಿಕೊಂಡು ತಂದಿದ್ದರು. ಇಷ್ಟು ದೂರ ಏಕೆ ಬಂದಿರೆಂದು ಅಜಿತಕುಮಾರ ಕೇಳಿದ್ದಕ್ಕೆ, ತಮ್ಮದು ಕಾಡಿನ ಬಾಜು ಊರು, ಅಲ್ಲಿ ನೆಟ್‌ವರ್ಕ್ ಬರುವುದು ಮರ ಹತ್ತಿದಾಗ ಮಾತ್ರ, ಮರದ ಮೇಲೆ ಕೂತು ಐದು ಜನ ಆಡಲಾಗುವುದಿಲ್ಲ ಎಂದು ಯಲ್ಲೇಶ ಹೇಳಿದ.

ಎಂಟೂವರೆಗೆ ಅನುಜಾ ಆಟ ಶುರು ಮಾಡಿದಳು. ಎಂಟು ಮೂವತ್ತೆರಡಕ್ಕೆ ಹತ್ತೂ ಪರದೆಗಳು ಒಮ್ಮೆಲೇ ಕತ್ತಲಾದವು.

ಅಡುಗೆಮನೆಯಲ್ಲಿ ಕಾಂತಾ ಕಾಕು ಹೂರಣ ರುಬ್ಬಲು ಗ್ರೈಂಡರ್ ಹಾಕಿದ್ದರು. ಅರವತ್ತೆಂಟರ ಕಾಕು ಭವನದ ಅಡುಗೆಯ ಯಜಮಾನಿ. ಸಮಾಜದ ಅಂತಃಸಾಕ್ಷಿಯ ಉಸ್ತುವಾರಿಯೂ ಅವರದೇ. ಭವನದ ಫ್ಯೂಜಿಗೆ ಹತ್ತು ಕಂಪ್ಯೂಟರು ಮತ್ತು ಒಂದು ಹೋಳಿಗೆ ಒಟ್ಟಿಗೆ ತಡೆಯುವ ಶಕ್ತಿ ಇರಲಿಲ್ಲ. ಅಜಿತಕುಮಾರ ಅತ್ತಿಂದಿತ್ತ ಓಡಾಡಿ ಒಪ್ಪಂದ ಮಾಡಿಸಿದ: ಕಾಕು ರುಬ್ಬುವಾಗ ಆಟ ನಿಲ್ಲಬೇಕು, ಆಟ ನಡೆಯುವಾಗ ಹೂರಣ ಕಾಯಬೇಕು. ಎರಡು ದೇಶಗಳ ನಡುವೆ ಇದಕ್ಕಿಂತ ಸುಲಭವಾಗಿ ಸಂಧಿಯಾಗುತ್ತಿತ್ತು.

ಸಂಧಿ ಒಂದೂವರೆ ಗಂಟೆಯೂ ಉಳಿಯಲಿಲ್ಲ. ಹತ್ತಕ್ಕೆ ಕಾಕು ಅವಲಕ್ಕಿಯ ತಾಟು ಹಿಡಿದು ಹೊರಗೆ ಬಂದವರು ಮೊದಲ ಸಲ ಪರದೆ ನೋಡಿದರು. ಅದರೊಳಗೆ ಒಬ್ಬ ಮನುಷ್ಯ ಇನ್ನೊಬ್ಬನನ್ನು ಗುಂಡಿಟ್ಟು ಕೆಡವಿದ. ಕಾಕು ತಾಟನ್ನು ಮೇಜಿನ ಮೇಲೆ ಇಟ್ಟರು, ನಿಧಾನವಾಗಿ, ಶ್ರದ್ಧಾಂಜಲಿ ಸಲ್ಲಿಸುವವರ ಹಾಗೆ.

“ಅಜಿತ, ಸಮಾಜದ ಭವನದಾಗ ಕೊಲಿ ನಡದದೇನು?”

“ಖರೇ ಅಲ್ಲರಿ ಕಾಕು, ಚಿತ್ರ ಅದು. ಯಾರೂ ಸಾಯಾಂಗಿಲ್ಲ.”

“ಹಿಟ್ಟಿನ ಕೋಳಿ ಮಾಡಿ ಕುಯ್ದ್ರೂ ಕೊಂದಂಗ ಅಂತ ಸಣ್ಣಾಂವ ಇದ್ದಾಗ ಬಸದ್ಯಾಗ ನನ್ನ ಬಾಜೂನ ಕುಂತು ಕೇಳಿದಿ. ಹೊಡೀಬೇಕಂತ ಮನಸಿನಾಗ ಬಂತಿಲ್ಲೋ? ಮುಗೀತು. ನಾ ಒಲಿ ಆರಸ್ತೀನಿ.”

ಒಲೆ ಆರಿದರೆ ಅದು ಒಂದು ತಕರಾರಲ್ಲ, ಐವತ್ತು ಎಲೆಗಳ ತಕರಾರು. ಅಜಿತಕುಮಾರ ಕಚೇರಿಯ ಕೋಣೆಗೆ ಓಡಿದ. ಅನೇಕಾಂತ ಕಾಕಾ ಬಂದು ಎರಡೂ ಪಕ್ಷಗಳನ್ನು ಕೇಳಿ, ಆಡಬೇಕೆನ್ನುವುದೂ ಸರಿ, ಕೊಲ್ಲಬಾರದೆನ್ನುವುದೂ ಸರಿ ಎಂದು ತೀರ್ಪು ಕೊಟ್ಟು ಮರಳಿ ಹೋದರು. ಹಾಗಾದರೆ ಮಾಡಬೇಕಾದದ್ದೇನು ಎಂಬುದು ಎಂದಿನಂತೆ ಕಾರ್ಯದರ್ಶಿಯ ಪಾಲಿಗೆ ಉಳಿಯಿತು.

ದಾರಿ ಹುಡುಕಿದವಳು ಅನುಜಾ. ಆ ಆಟದಲ್ಲಿ ಇನ್ನೊಂದು ಬಗೆಯಿತ್ತು. ಎದುರಾಳಿಯ ಶಿಬಿರದ ಧ್ವಜವನ್ನು ಎತ್ತಿಕೊಂಡು ತಮ್ಮ ಶಿಬಿರಕ್ಕೆ ತರುವುದು. ಗುಂಡು ತಗಲಿದರೂ ಯಾರೂ ಸಾಯದಂತೆ ಮಾಡುತ್ತೇನೆಂದಳು. ಹೊಡೆಯುವ ಭಾವ ಉಳಿಯಿತಲ್ಲ ಎಂದು ಕಾಕು ಒಪ್ಪಲಿಲ್ಲ. ಕೊನೆಗೆ, ಒಂದೇ ಒಂದು ಗುಂಡು ಹಾರಿಸಿದವನು ಆ ಸುತ್ತಿನಿಂದ ಹೊರಗೆ ಎಂದು ನಿಯಮವಾಯಿತು. ಕಾಕು ಒಲೆ ಹೊತ್ತಿಸಿ, ಸೌಟು ಹಿಡಿದು, ಮೊದಲ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು.

ಅಷ್ಟರಲ್ಲಿ ಪಕ್ಕದ ಮನೆಯ ನಾಗರತ್ನಾಬಾಯಿ ಗದ್ದಲದ ಬಗ್ಗೆ ತಕರಾರು ಹೇಳಲೆಂದೇ ಬಂದರು. ಅವರು ಬಾಯಿ ತೆರೆಯುವ ಮೊದಲೇ ಅಜಿತಕುಮಾರ ಅವರ ಕೈಗೆ ಅವಲಕ್ಕಿಯ ತಾಟು ಕೊಟ್ಟು, ಕಾಕುವಿಗೆ ಒಬ್ಬ ಸಹಾಯಕ ನಿರ್ಣಾಯಕಿಯ ಅವಶ್ಯಕತೆಯಿದೆ ಎಂದು ಬೇಡಿಕೊಂಡ. ನಿರ್ಣಯಿಸುವ ಅವಕಾಶವನ್ನು ಆ ಬಡಾವಣೆಯಲ್ಲಿ ಯಾರೂ ಕಳೆದುಕೊಂಡದ್ದಿಲ್ಲ. ಅವರು ಕುಳಿತರು. ಕುಳಿತ ಐದನೆಯ ನಿಮಿಷಕ್ಕೆ ಅವರ ಕಣ್ಣಿಗೆ ಕೋಳಿಗಳು ಬಿದ್ದವು.

ಆಟದೊಳಗಿನ ಪೇಟೆಯ ಬೀದಿಯಲ್ಲಿ ಅಲಂಕಾರಕ್ಕೆಂದು ಯಾರೋ ಹತ್ತಿಪ್ಪತ್ತು ಕೋಳಿಗಳನ್ನು ಬಿಟ್ಟಿದ್ದರು. ಧ್ವಜ ಹಿಡಿದು ಓಡುವವರ ಕಾಲಿಗೆ ಸಿಕ್ಕರೆ ಅವು ಗರಿ ಹಾರಿಸಿ ಮಾಯವಾಗುತ್ತಿದ್ದವು.

“ಕಾಂತಕ್ಕಾ, ಕೋಳಿ ಸತ್ತತ್ರಿ,” ಎಂದರು ನಾಗರತ್ನಾಬಾಯಿ.

ಕಾಕು ಸೌಟು ಎತ್ತಿದರು. ಕೋಳಿ ತುಳಿದವನೂ ಹೊರಗೆ ಎಂದು ಎರಡನೆಯ ನಿಯಮ ಹುಟ್ಟಿತು.

ಇದಾದ ಮೇಲೆ ನಡೆದದ್ದನ್ನು ಯುದ್ಧವೆನ್ನಲು ಬರುವುದಿಲ್ಲ. ಉದ್ಯಮಬಾಗದ ತಂಡದವರ ಬೆರಳುಗಳು ವರ್ಷಗಟ್ಟಲೆ ಗುಂಡು ಹಾರಿಸಿ ಪಳಗಿದ್ದವು. ಬೆರಳಿಗೆ ಧರ್ಮ ಬೋಧಿಸುವುದು ಕಷ್ಟ. ಖಾನಾಪುರದವರೆದುರು ಹನ್ನೊಂದು ನಿಮಿಷಗಳಲ್ಲಿ ಐವರೂ ಹೊರಗೆ ಕುಳಿತು ಅವಲಕ್ಕಿ ತಿನ್ನುತ್ತಿದ್ದರು. ಇದೆಂಥ ಆಟ ಎಂದು ಅವರ ನಾಯಕ ಗೊಣಗುವಷ್ಟರಲ್ಲಿ ಅಜಿತಕುಮಾರ ಅವನ ಬಳಿ ಹೋಗಿ, ಕೈ ಹಿಡಿದು, ತನ್ನ ಒಂಬತ್ತು ವರ್ಷಗಳ ರವಿವಾರಗಳ ಕಥೆಯನ್ನು ಮೊದಲಿನಿಂದ ಹೇಳತೊಡಗಿದ. ಮೂರನೆಯ ವರ್ಷ ಮುಗಿಯುವ ಮೊದಲೇ ನಾಯಕ ತಕರಾರನ್ನು ಬಿಟ್ಟುಕೊಟ್ಟ. ಬಡಾವಣೆಯ ಹುಡುಗರನ್ನು ಮುಂದಿನ ಸುತ್ತಿನಲ್ಲಿ ಕಾಲೇಜಿನವರು ಸೋಲಿಸಿದರು.

ಖಾನಾಪುರದವರು ಮಾತ್ರ ಬೇರೆ ಲೋಕದಿಂದ ಬಂದವರಂತೆ ಆಡುತ್ತಿದ್ದರು. ಓಡುತ್ತಿರಲಿಲ್ಲ. ಮಾಯಪ್ಪ ಮುಂದೆ ಹೋಗಿ ಕೋಳಿಗಳನ್ನು ಬೀದಿಯ ಒಂದು ಬದಿಗೆ ಸರಿಸುವನು, ಸೋಮಲಿಂಗ ಹಿಂದಿನಿಂದ ಅವು ಚದುರದಂತೆ ಅಡ್ಡ ನಿಲ್ಲುವನು, ನಡುವೆ ತೆರೆದ ದಾರಿಯಲ್ಲಿ ಯಲ್ಲೇಶ ಧ್ವಜ ಹೊತ್ತು ಸಾಗುವನು. ಇದನ್ನೆಲ್ಲಿ ಕಲಿತಿರೆಂದು ಕಾಕು ಮೆಚ್ಚಿ ಕೇಳಿದಾಗ ಯಲ್ಲೇಶ ಪರದೆಯಿಂದ ಕಣ್ಣು ತೆಗೆಯದೆ ಉತ್ತರಿಸಿದ:

“ಮನ್ಯಾಗ ನೂರಾ ಎಂಬತ್ತು ಕುರಿ ಅದಾವ್ರಿ ಅವ್ವಾರ. ಅವುಕ್ಕ ಹೋಲಿಸಿದ್ರ ಈ ಕೋಳಿ ಭಾಳ ಶಾಣ್ಯಾ ಅದಾವು, ಹೇಳಿದ ಮಾತ ಕೇಳತಾವು.”

ಕೊನೆಯ ಪಂದ್ಯ ಖಾನಾಪುರಕ್ಕೂ ಕಾಲೇಜಿಗೂ. ಕಾಲೇಜಿನ ನಾಯಕ ಸುಜಯ ಚುರುಕು ಹುಡುಗ; ಕೋಳಿಗಳ ನಡೆಯನ್ನು ಕಾಗದದ ಮೇಲೆ ಬರೆದುಕೊಂಡು ಅಭ್ಯಾಸ ಮಾಡಿದ್ದ. ನಡುನಡುವೆ ಗ್ರೈಂಡರಿಗೆ ದಾರಿ ಬಿಟ್ಟು ಬಿಟ್ಟು, ಐದೂಮುಕ್ಕಾಲಿಗೆ ಎರಡೂ ತಂಡಕ್ಕೆ ಒಂದೊಂದು ಧ್ವಜ. ಮೂರನೆಯದನ್ನು ತಂದವರಿಗೆ ಗೆಲುವು. ಆಗ ಕಾಕು ಎದ್ದು ನಿಂತರು. ಸೂರ್ಯ ಮುಳುಗಲು ಅರ್ಧ ಗಂಟೆ ಉಳಿದಿದೆ, ಈ ಭವನದಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಎಲ್ಲರೂ ಏಳಬೇಕು.

ಏಳಬೇಕಾದವರು ಎದ್ದು ಹೋಗುವುದಾದರೂ ಎಲ್ಲಿಗೆ? ಊಟದ ಮೇಜುಗಳ ಮೇಲೆಯೇ ಆಟವಿತ್ತು. ತಂತಿ ಕಿತ್ತರೆ ಪಂದ್ಯ ಮೊದಲಿನಿಂದ. ಅನುಜಾ ಆಟವನ್ನು ತಡೆದು ನಿಲ್ಲಿಸಿದಳು. ಕೀಬೋರ್ಡುಗಳನ್ನು ಒಂದು ಗೇಣು ಹಿಂದೆ ಸರಿಸಿ, ಅವುಗಳ ಮುಂದೆ ಎಲೆ ಹಾಸಿ, ಅಜಿತಕುಮಾರ ಸ್ವತಃ ನೀರು ಬಡಿಸಿದ. ಇಳಿಬಿಸಿಲಿನಲ್ಲಿ ಹತ್ತು ಪರದೆಗಳ ಮೇಲೆ ಸೈನಿಕರು ಒಂದು ಕಾಲೆತ್ತಿ ನಿಂತಲ್ಲೇ ನಿಂತಿದ್ದರು. ಕೋಳಿಗಳು ಕತ್ತು ಚಾಚಿ ತಡೆದಿದ್ದವು. ಅವರೆಲ್ಲರ ಎದುರಿಗೆ ಹತ್ತು ಹುಡುಗರು ತಲೆ ತಗ್ಗಿಸಿ ಹೋಳಿಗೆ ಮುರಿಯುತ್ತಿದ್ದರು. ಒಂದು ಕ್ಷಣ ಜಗತ್ತಿನಲ್ಲಿ ಎಲ್ಲಿಯೂ ಯಾರೂ ಯಾರನ್ನೂ ಅಟ್ಟಿಸಿಕೊಂಡು ಹೋಗುತ್ತಿಲ್ಲ ಎಂದು ಅಜಿತಕುಮಾರನಿಗೆ ಅನಿಸಿತು.

ಊಟ ಮುಗಿದು, ಎಲೆ ಎತ್ತಿ, ಆಟ ಮುಂದುವರಿಯಿತು. ಸುಜಯನ ಸೈನಿಕ ಧ್ವಜ ಎತ್ತಿಕೊಂಡು ಹೊರಟ. ಹೊರಟವನು ನಿಲ್ಲಲಿಲ್ಲ. ತಿರುಗು ಎಂದರೆ ತಿರುಗಲಿಲ್ಲ. ಕಾಕು ಕೈಬಿಚ್ಚಿ ಬಡಿಸಿದ ತುಪ್ಪ ಕೀಬೋರ್ಡಿಗೆ ಇಳಿದು ‘ಮುಂದೆ ನಡೆ’ ಎನ್ನುವ ಕೀಲಿ ಒತ್ತಿದಲ್ಲೇ ಅಂಟಿಕೊಂಡಿತ್ತು, ಮೌಸು ತುಪ್ಪದ ಬೆರಳಿನಡಿ ಜಾರುತ್ತಿತ್ತು. ಸೈನಿಕ ಗಂಭೀರ ನಡಿಗೆಯಲ್ಲಿ ನೇರವಾಗಿ ಕೋಳಿಗಳ ಮಧ್ಯೆ ಹೊಕ್ಕ. ಸೌಟು ಮೇಲೆದ್ದಿತು. ಬಾಜುವಿನಿಂದ ಯಲ್ಲೇಶ ತಾನು ಎತ್ತಿಕೊಂಡ ಧ್ವಜವನ್ನು, ಕುರಿಮರಿಯನ್ನು ಹೆಗಲ ಮೇಲೆ ಹೊತ್ತವನಂತೆ, ಮನೆಗೆ ಮುಟ್ಟಿಸಿದ.

ಇದಕ್ಕಿಂತ ನ್ಯಾಯವಾದ ತಕರಾರು ಯಾರಿಗೂ ಸಿಕ್ಕಿರಲಿಲ್ಲ. ಸುಜಯ ತುಪ್ಪದ ಬೆರಳನ್ನು ನೋಡಿಕೊಂಡ. ಅಜಿತಕುಮಾರ ಅವನ ಕಡೆಗೆ ಧಾವಿಸಿದ.

“ಹೋಳಿಗಿ ಭಾಳ ಛಲೋ ಇದ್ದೂರಿ ಕಾಕು,” ಎಂದ ಸುಜಯ. “ಮನೀಗೆ ನಾಲ್ಕು ಕಟ್ಟಿ ಕೊಟ್ರ ನಂದೇನ ತಕರಾರಿಲ್ಲ.”

ಕಾಕು ಎಂಟು ಕಟ್ಟಿಕೊಟ್ಟರು. ಖಾನಾಪುರದವರು ಬಹುಮಾನದ ಫಲಕದೊಂದಿಗೆ ಬಸ್ಸಿಗೆ ಹೊರಟರು. ನಾಗರತ್ನಾಬಾಯಿ ಮುಂದಿನ ಪಂದ್ಯ ಯಾವಾಗ ಎಂದು ಕೇಳಿ ಹೋದರು. ಉದ್ಯಮಬಾಗದ ನಾಯಕನಂತೂ ಅಜಿತಕುಮಾರ ಹತ್ತಿರ ಬರುವ ಮೊದಲೇ ತನಗೆ ಬಹಳ ಸಂತೋಷವಾಯಿತೆಂದು ಹೇಳಿ ಬೈಕು ಹತ್ತಿದ. ಬೆಳಗಿನಿಂದ ನಿಂತ ಕಾಲುಗಳ ಮೇಲೆ, ಒಂಬತ್ತು ವರ್ಷಗಳ ಆಯಾಸವನ್ನು ಕೊನೆಯ ಸಲ ಹೊತ್ತುಕೊಂಡು, ಅಜಿತಕುಮಾರ ಕಚೇರಿಯ ಕೋಣೆಗೆ ಹೋದ.

“ಕಾಕಾ, ಒಂದೂ ತಕರಾರು ಬರಲಿಲ್ಲ.”

“ನೋಡೇನಪ್ಪಾ. ಮುಂಜಾನಿಂದ ಕಿಡಕ್ಯಾಗಿಂದ ಅದನ್ನ ನೋಡಕೋತ ಕುಂತೇನಿ.” ಅನೇಕಾಂತ ಕಾಕಾ ಸಹಿ ಮಾಡಿದ ಒಂದು ಕಾಗದವನ್ನು ಮುಂದಕ್ಕೆ ಸರಿಸಿದರು.

ಅಜಿತಕುಮಾರ ಎರಡೂ ಕೈಗಳಿಂದ ಅದನ್ನು ತೆಗೆದುಕೊಂಡ. ಅದು ರಾಜೀನಾಮೆಯೇ ಆಗಿತ್ತು. ಇವರಿಗೆ: ಕಾರ್ಯದರ್ಶಿ. ಇವರಿಂದ: ಅಧ್ಯಕ್ಷ.

“ಹದಿನಾಲ್ಕು ವರ್ಷ ಆತು ಅಜಿತ. ತಕರಾರು ಇದ್ದಾಗ ಬಿಟ್ರ ಅಂಜಿ ಓಡಿದ ಅಂತಾರ ಮಂದಿ. ತಕರಾರಿಲ್ಲದ ಒಂದ ದಿನ ಬೇಕಾಗಿತ್ತು ನನಗ. ನೀ ಮಾಡಿಕೊಟ್ಟಿ. ಅಧ್ಯಕ್ಷರದು ಕಾರ್ಯದರ್ಶಿ ಕೈಯಾಗ ಹಿಡದ್ರ ಮುಗೀತು, ನೀ ಹಿಡದಿ.”

“ಹಂಗಾದ್ರ ನಂದು ಯಾರ್ ತಗೋತಾರ್ರಿ?”

“ಅಧ್ಯಕ್ಷರು.”

“ಈಗ ಅಧ್ಯಕ್ಷರು ಯಾರ್ರಿ?”

“ಹೊಸಬ್ರು ಬರೂತನಕ ಕಾರ್ಯದರ್ಶಿನ ನೋಡ್ಕೋಬೇಕು. ಆದ್ರ ತನ್ನ ರಾಜೀನಾಮಿ ತಾನ ತಗೊಳ್ಳಾಕ ಬರೂದಿಲ್ಲ. ಆ ನಿಯಮ ನಾನ ಬರಸೇನಿ, ಮೊದಲ್ನೇ ವರ್ಷ, ಸಿಟ್ಟಿನಾಗ.” ಅವರು ಕೋಲು ತೆಗೆದುಕೊಂಡು ಎದ್ದರು. “ಹೊಸಬ್ರನ್ನ ಆರಸಾಕ ಒಂದ ಸಭಾ ಕರೀಬೇಕಾಗ್ತದ. ರವಿವಾರಕ್ಕ ಇಟ್ಕೊ, ಮಂದಿ ಬರ್ತಾರ.”

ಬಹಳ ವರ್ಷಗಳಿಂದ ಕಾಣದ ಹಗುರ ನಡಿಗೆಯಲ್ಲಿ ಅವರು ಹೊಸ್ತಿಲು ದಾಟಿದರು. ಅವರ ಹಿಂದೆ ಬಾಗಿಲು ಮೆಲ್ಲನೆ ಮುಚ್ಚಿಕೊಂಡಿತು.