ಡೋರೀನಳ ಕಣ್ಣೀರು

ಹೊಗೆ ಅಲಾರಂ ಕೂಗಿಕೊಂಡಾಗ ಅಡುಗೆಮನೆಯ ಒಲೆ ಆರಿತ್ತು. ಅಲಾರಂನ ಕೆಳಗೆ ಲೊನ್ನಿ ಬ್ರುಬೇಕರ್ ಮಾತ್ರ ನಿಂತಿದ್ದ, ಕೈಯಲ್ಲಿ ಹೇರ್ ಸ್ಪ್ರೇ ಡಬ್ಬಿ ಹಿಡಿದುಕೊಂಡು. ಮುಂದಲೆ ಎಂದೋ ಬಯಲಾಗಿದ್ದರೂ ಹಿಂದಲೆಯಲ್ಲಿ ಭುಜ ಮುಟ್ಟುವ ಕೂದಲಿತ್ತು. ಆ ಅಳಿದುಳಿದ ಕೇಶರಾಶಿಯನ್ನು ಎತ್ತಿ ನಿಲ್ಲಿಸಲು ಅರ್ಧ ಡಬ್ಬಿ ಖಾಲಿ ಮಾಡಿದ್ದ. ಅಲಾರಂ ಅದನ್ನು ಬೆಂಕಿಯೆಂದೇ ನಂಬಿತು. ಅವಮಾನದ ಸಂಗತಿಯೆಂದರೆ, ವಾರಗಟ್ಟಲೆ ಹೆಣಗಿದರೂ ಲೊನ್ನಿಗೆ ದಕ್ಕದ ತಾರಸ್ವರವನ್ನು ಅದು ಒಂದೇ ಏಟಿಗೆ ಹಿಡಿದಿತ್ತು.

"ಶನಿವಾರ ಇದನ್ನೇ ಕರ್ಕೊಂಡು ಹೋಗು ಹಾಡೋಕೆ," ಎಂದಳು ಹೆಂಡತಿ ಡೋರೀನ್, ಟವೆಲ್ ಬೀಸುತ್ತ. "ತಲೆ ಬಾಚೋ ಕೆಲಸಾನೂ ಇಲ್ಲ."

"ನಗು, ನಗು. ಶನಿವಾರ ನಿನ್ನನ್ನ ಅಳಿಸದೇ ಇದ್ರೆ ನಾನು ಮತ್ತೆ ಹಾಡಿಗೆ ಅಂತ ಬಾಯೇ ತೆರೆಯಲ್ಲ."

"ಅಷ್ಟೆಲ್ಲ ಆಸೆ ತೋರಿಸ್ಬೇಡ ಮಾರಾಯ."

ಅಳುವಿಗೊಂದು ಇತಿಹಾಸವಿತ್ತು. ಎಂಬತ್ತೇಳನೇ ಇಸವಿಯಲ್ಲಿ ಲೊನ್ನಿಯ ‘ಸ್ಯಾಟಿನ್ ಸೈರನ್’ ತಂಡ ಟೊಲಿಡೊ ನಗರದ ಪಕ್ಕದ ತಮ್ಮ ಪುಟ್ಟ ಊರಿನ ಸ್ಕೇಟಿಂಗ್ ಹಾಲಿನಲ್ಲಿ ‘ನಿನ್ನ ಕಿಟಕಿಯಡಿ ಗುಡುಗು’ ಎಂಬ ವಿರಹಗೀತೆ ಹಾಡಿತ್ತು. ಕೊನೆಯ ಪಲ್ಲವಿಯ ಶ್ರುತಿ ಒಂದು ಮೆಟ್ಟಿಲು ಮೇಲೇರಿದಾಗ ಮೊದಲ ಸಾಲಿನ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡಳು. ಹಾಡು ಮುಗಿದ ಮೇಲೆ ಅವಳೇ ವೇದಿಕೆಯ ಹಿಂದೆ ಹುಡುಕಿಕೊಂಡು ಬಂದು, ಕೆಂಪು ಕಣ್ಣುಗಳಲ್ಲಿ ನೋಡುತ್ತ ಏನೋ ಹೇಳಲು ಹೊರಟಳು. ಲೊನ್ನಿ ಅವಳ ತುಟಿಯ ಮೇಲೆ ಬೆರಳಿಟ್ಟು, "ಏನೂ ಹೇಳ್ಬೇಡ. ನನಗೆ ಅರ್ಥ ಆಯ್ತು," ಎಂದಿದ್ದ. ಮುಂದಿನ ಬೇಸಿಗೆಯಲ್ಲಿ ಮದುವೆ.

ಆಮೇಲೆ ತಂಡ ಚದುರಿತು. ಲೊನ್ನಿ ಕಾರ್ಪೆಟ್ ಮಾರಿದ, ಗಿಟಾರಿನ ಗ್ಲೆನ್ ಛಾವಣಿ ಹೊದಿಸಿದ, ಕೀಬೋರ್ಡಿನ ವರ್ನ್ ಹಲ್ಲು ಕಿತ್ತ. ಹಾಡು ಮಾತ್ರ ಊರಿನ ಮದುವೆಗಳಲ್ಲಿ, ಬೌಲಿಂಗ್ ಹಾಲಿನಲ್ಲಿ, ವರ್ನನ ರೋಗಿಗಳ ನರಳಾಟದ ಹಿನ್ನೆಲೆಯಲ್ಲಿ ಬದುಕಿತ್ತು. ಲೊನ್ನಿಯ ಪ್ರಕಾರ ಅವನ ದಾಂಪತ್ಯವೂ ಆ ಒಂದು ತಾರಸ್ವರದ ಮೇಲೆಯೇ ನಿಂತಿತ್ತು. ಈಚೆಗೆ ಅವನು ಸ್ನಾನದ ಮನೆಯಲ್ಲಿ ಹಾಡಿದರೆ ಡೋರೀನ್ ಟಿವಿಯ ಸದ್ದು ಜಾಸ್ತಿ ಮಾಡುತ್ತಿದ್ದಳು. ಶ್ರುತಿ ಹೋದರೆ ಹೋಗಲಿ, ಸತಿ ಕೈಬಿಟ್ಟರೆ?

"ಅರ್ಧ ಸ್ವರ ಇಳಿಸಿಬಿಡೋಣ ಲೊನ್ನಿ," ಎಂದಿದ್ದ ಗ್ಲೆನ್, ಶನಿವಾರಕ್ಕೆಂದು ಮತ್ತೆ ಕೂಡಿದ ತಂಡದ ಗ್ಯಾರೇಜಿನ ತಾಲೀಮಿನಲ್ಲಿ. "ವಯಸ್ಸಾದ ತಂಡಗಳೆಲ್ಲ ಇಳಿಸ್ತಾವೆ. ಯಾರಿಗೂ ಗೊತ್ತಾಗಲ್ಲ."

"ಡೋರೀನ್ ಕಣ್ಣಿಗೆ ಗೊತ್ತಾಗತ್ತೆ. ಕಣ್ಣೀರು ಇರೋದೇ ಆ ಸ್ವರದಲ್ಲಿ."

ಗ್ಲೆನ್ ತಲೆಯಾಡಿಸಿ ಒಪ್ಪಿದ. ಅವನು ಇಷ್ಟು ಬೇಗ ಒಪ್ಪಿದನೆಂದರೆ ಏನೋ ಮಾಡಲಿದ್ದಾನೆಂದೇ ಅರ್ಥ.

ಶನಿವಾರ ಸಂಜೆ ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಊರಿಗೆಲ್ಲ ಕರಿದ ಮೀನಿನ ಊಟ, ಜೊತೆಗೆ ಲೊನ್ನಿಯ ತಂಡದ ಹಾಡು. ಲೊನ್ನಿಯ ಬೆನ್ನ ಹಿಂದೆ ಹಳೆಯ ಪದ್ಧತಿಯಂತೆ ದೊಡ್ಡ ಫ್ಯಾನು, ಕೂದಲು ಹಾರಬೇಕಲ್ಲ! ಗೆಳೆಯನ ಗಂಟಲಿನ ಮೇಲಿನ ಕರುಣೆಯಿಂದ ಗ್ಲೆನ್ ಗುಟ್ಟಾಗಿ ಗಿಟಾರಿನ, ಬಾಸ್ ಗಿಟಾರಿನ ಬಿರಡೆಗಳನ್ನು ತಿರುಚಿ ಅರ್ಧ ಸ್ವರ ಇಳಿಸಿದ್ದ. ಗುಟ್ಟು ಎಷ್ಟು ಗಟ್ಟಿಯಾಗಿತ್ತೆಂದರೆ, ಕೀಬೋರ್ಡಿನ ವರ್ನ್‌ಗೂ ಹೇಳಿರಲಿಲ್ಲ.

ವರ್ನ್ ಒಬ್ಬನೇ ಹಳೆಯ ಶ್ರುತಿಯಲ್ಲಿ ಆರಂಭಿಸಿದ. ಲೊನ್ನಿ ಕಣ್ಣು ಮುಚ್ಚಿ ಹಾಡಿದ. ಅಷ್ಟರಲ್ಲಿ ಗಿಟಾರುಗಳು ಬಂದು ಸೇರಿದವು. ಮೀನು ಕರಿಯುತ್ತಿದ್ದವನು ಎಣ್ಣೆಗೆ ನೀರು ಬಿತ್ತೇನೋ ಎಂದು ಬಾಣಲೆ ನೋಡಿದ. ಲೊನ್ನಿ ಎರಡು ಶ್ರುತಿಗಳ ನಡುವೆ, ಮಹಡಿಗಳ ಮಧ್ಯೆ ಕೆಟ್ಟು ನಿಂತ ಲಿಫ್ಟಿನಂತೆ ಸಿಕ್ಕಿಕೊಂಡ.

"ಇಳಿಸು!" ಎಂದ ಗ್ಲೆನ್.

"ಯಾಕೆ ಇಳಿಸ್ಲಿ, ನೀನು ಏರಿಸು!" ಎಂದ ವರ್ನ್.

ದಿಕ್ಕು ತೋಚದ ಗ್ಲೆನ್ ತನ್ನ ಸೋಲೋ ಶುರುಮಾಡಿದ. ಗಿಟಾರಿನವನು ಮೆರೆಯುವಾಗ ಗಾಯಕ ಕೂದಲು ರಿಪೇರಿ ಮಾಡಿಕೊಳ್ಳುವುದು ಎಂಬತ್ತೇಳರಿಂದ ಬಂದ ಸಂಪ್ರದಾಯ. ಲೊನ್ನಿ ಫ್ಯಾನಿನ ಮುಂದೆ ನಿಂತು ಯಥೇಚ್ಛವಾಗಿ ಸ್ಪ್ರೇ ಹೊಡೆದುಕೊಂಡ. ಕೊನೆಯ ಪಲ್ಲವಿ ಬಂತು. ಮೆಟ್ಟಿಲು ಬಂತು. ಲೊನ್ನಿ ಬಾಯಿ ತೆರೆದ. ಬಂದದ್ದು ಗಾಳಿ.

ಆಗ ಅಂಗಳವೇ ಹಾಡಿತು. ಅಗ್ನಿಶಾಮಕದವರು, ಚರ್ಚಿನ ಅಜ್ಜಿಯರು, ಎಂಬತ್ತೇಳರಲ್ಲಿ ಹುಟ್ಟಿಯೇ ಇರದವರು, ಎಲ್ಲರೂ ತಮ್ಮ ತಮ್ಮ ಶ್ರುತಿಯಲ್ಲಿ, ಫೋನಿನ ದೀಪ ಎತ್ತಿ ಹಿಡಿದು ಗುಡುಗಿದರು. ಆ ಬೆಳಕಿನಲ್ಲಿ ಲೊನ್ನಿ ಕಂಡ: ಮೊದಲ ಸಾಲಿನಲ್ಲಿ ಡೋರೀನ್ ಕಾಗದದ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

ಮನೆಗೆ ಹೋಗುವಾಗ ಪಿಕಪ್ಪಿನಲ್ಲಿ ಅವನಿಗೆ ತಡೆಯಲಾಗಲಿಲ್ಲ.

"ಕಣ್ಣಲ್ಲಿ ನೀರು ಬಂತು ತಾನೆ?"

"ಬಂತು."

"ಎಂಬತ್ತೇಳರ ಹಾಗೇ?"

"ಥೇಟ್ ಹಾಗೇ."

"ಸ್ವರ ಹತ್ಲೇ ಇಲ್ಲ, ಆದ್ರೂ!" ಲೊನ್ನಿಯ ಎದೆ ಸ್ಟೇರಿಂಗಿಗೆ ತಾಗುವಷ್ಟು ಉಬ್ಬಿತು. "ಇಷ್ಟು ವರ್ಷ ಆದ್ಮೇಲೂ... ಅಂಥದ್ದು ಏನಿದೆ ಡೋರೀನ್ ಆ ಹಾಡಲ್ಲಿ?"

"ಹಾಡಲ್ಲಿ ಏನೂ ಇಲ್ಲ. ಫ್ಯಾನ್ ಮುಂದೆ ನಿಂತು ಸ್ಪ್ರೇ ಹೊಡ್ಕೋತೀಯಲ್ಲ, ಅದಷ್ಟೂ ನೇರ ಮೊದಲ್ನೇ ಸಾಲಿನವರ ಕಣ್ಣಿಗೆ ಬರತ್ತೆ," ಎಂದಳು ಡೋರೀನ್, ಇನ್ನೊಮ್ಮೆ ಕಣ್ಣುಜ್ಜಿಕೊಳ್ಳುತ್ತ. "ಅವತ್ತು ಅದನ್ನ ಹೇಳೋಕೇ ನಿನ್ನ ಹುಡುಕ್ಕೊಂಡು ಬಂದಿದ್ದು. ನೀನು ‘ಏನೂ ಹೇಳ್ಬೇಡ’ ಅಂದೆ."