ನೀರು ಉಳಿಸುವ ರೀಲ್ಸ್

ಧರ್ಮದ ಮಾತು ಕೇಳುವುದು ಸುಲಭ, ಅದನ್ನು ಮನೆಯಲ್ಲೇ ತಯಾರಿಸುವುದು ಎಷ್ಟು ಕಷ್ಟ ಎಂದು ನನಗೆ ತಿಳಿದಿರಲಿಲ್ಲ. ನನ್ನ ಹರೆಯದಲ್ಲಿ ನಾಲ್ಕು ಒಳ್ಳೆಯ ಮಾತು ಬೇಕೆಂದರೆ ಯಾರದೋ ಮನೆಯ ಚಾಪೆಯ ಮೇಲೆ ಕೂತು, ಮುಂದಿದ್ದವರ ಬೆನ್ನು ನೋಡುತ್ತಾ ಕೇಳಬೇಕಿತ್ತು. ಕೊನೆಗೆ ಚಹಾ, ಬಿಸ್ಕತ್ತು ಸಿಗುತ್ತಿತ್ತು. ಸುಳ್ಳೇಕೆ, ಅದಕ್ಕೂ ಹೋಗುತ್ತಿದ್ದೆ. ಈಗ ಕಾಲೇಜು ಓದುವ ನನ್ನ ಮಗಳು ಸಬೀಹಾ ನಾಗರಬಾವಿಯ ಈ ಬಾಡಿಗೆ ಮನೆಯಿಂದಲೇ ಗೆಳತಿಯರಿಗಾಗಿ ಕನ್ನಡದಲ್ಲಿ ದೀನಿನ, ಅಂದರೆ ನಮ್ಮ ಧರ್ಮದ, ರೀಲ್ಸ್ ಮಾಡುತ್ತಾಳೆ. ಮುಖ ತೋರಿಸುವುದಿಲ್ಲ, ದನಿ ಮಾತ್ರ. ಫೋನಿನಲ್ಲಿ ಬೇರೇನೋ ಮಾಡದೆ ಅಲ್ಲಾಹನ ಮಾತಾಡುತ್ತಾಳಲ್ಲ, ಅಲ್‌ಹಮ್ದುಲಿಲ್ಲಾ.

ಮನೆಯ ವಿಷಯಕ್ಕೂ ಅಲ್‌ಹಮ್ದುಲಿಲ್ಲಾ ಅನ್ನಲೇಬೇಕು. ನಮ್ಮ ಹೆಸರು ಕೇಳಿದೊಡನೆ "ಆಗಲೇ ಕೊಟ್ಟಾಯ್ತು" ಅಂದವರೇ ಹೆಚ್ಚು. ಬೀಗದ ಕೈ ಕೊಟ್ಟವರು ಮೇಲಿನ ಮನೆಯ ಓನರ್ ಸರೋಜಮ್ಮ. ಅವರು ಕೇಳಿದ್ದು ಒಂದೇ: "ಇಬ್ರಿಗೂ ಒಂದೇ ಟ್ಯಾಂಕು, ನೀರು ನೋಡ್ಕೊಂಡು ಬಳಸಿ."

ಭಾನುವಾರ ಕಾವೇರಿ ನೀರು ಬಂದಿರಲಿಲ್ಲ. ಸಬೀಹಾ ಕರೆದಳು. "ಅಮ್ಮಿ, ನೀನು ವುಜೂ ಮಾಡು, ನಾನು ಫೋನ್ ಹಿಡೀತೀನಿ." ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯುವ ವುಜೂನಲ್ಲಿ, ಹರಿಯುವ ಹೊಳೆಯ ದಡದಲ್ಲಿದ್ದರೂ ನೀರು ಪೋಲು ಮಾಡಬಾರದು ಎಂಬುದು ಆ ದಿನದ ಬೋಧನೆ. ನಲ್ಲಿ ತಿರುಗಿಸಿದೆ. ಕುಕ್ಕರ್ ಕೂಗಿತು, ಮತ್ತೆ ಮೊದಲಿಂದ. ಸೊಪ್ಪಿನವನು ಕೂಗಿದ, ಮತ್ತೆ ಮೊದಲಿಂದ. "ಮೊಣಕೈವರೆಗೂ ನೀರು ಹೋಗ್ಲಿಲ್ಲ ಅಮ್ಮಿ, ಕಾಮೆಂಟಲ್ಲಿ ಜನ ಬಿಡ್ತಾರಾ?" ಎಲ್ಲ ಸರಿಯಾಯಿತು ಅನ್ನುವಾಗ ನಾನೇ ಅಡ್ಡ ಬಂದೆ. "ತಡಿಯೇ, ಈ ಅರಿಶಿನದ ಕೈ ಊರಿಗೆಲ್ಲ ತೋರಿಸ್ಲಾ?" ನಿಂಬೆಸಿಪ್ಪೆ ಹಾಕಿ ಕೈ ಉಜ್ಜಿದೆ, ಈದ್‌ನ ಬಳೆ ಹಾಕಿಕೊಂಡೆ. ಬಳೆ ಸರಿಯಾಗಿ ಕಾಣಲಿಲ್ಲವೆಂದು ಮತ್ತೂ ಒಮ್ಮೆ. ನಲ್ಲಿ ಸುರಿಯುತ್ತಲೇ ಇತ್ತು.

ಮೇಲಿಂದ ದನಿ ಬಂತು. "ಏನ್ರೀ ನೂರ್‌ಜಹಾನ್! ತಲೆ ತುಂಬ ಸೀಗೆಕಾಯಿ ಇದೆ, ನಲ್ಲೀಲಿ ಬರೀ ಗಾಳಿ ಬರ್ತಿದೆ! ಏನ್ ಮಾಡ್ತಿದೀರಿ ಕೆಳಗೆ?"

ನಾನು ಬಾಯಿ ತೆರೆಯುವ ಮೊದಲೇ ಸಬೀಹಾ ಹೇಳಿಬಿಟ್ಟಳು. "ನೀರು ಉಳಿಸೋದು ಹೇಗೆ ಅಂತ ತೋರಿಸ್ತಿದೀವಿ, ಆಂಟಿ!"

ಮತ್ತೆ ಮನೆ ಹುಡುಕುವ ಬೀದಿಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ಕುಡಿಯುವುದಕ್ಕೆ ಹಿಡಿದಿಟ್ಟ ನೀರನ್ನೆಲ್ಲ ಬಕೆಟ್ಟಿಗೆ ಸುರಿದು ಮೇಲಕ್ಕೆ ಓಡಿದೆ. ಸರೋಜಮ್ಮ ಕಣ್ಣು ಬಿಡಲಾರದೆ ಬಚ್ಚಲ ಬಾಗಿಲಿನಿಂದ ಕೈಯಷ್ಟೇ ಹೊರಗೆ ಚಾಚಿ ಬಕೆಟ್ ಎಳೆದುಕೊಂಡರು. ತಪ್ಪಾಯಿತೆಂದು ಎಲ್ಲ ಹೇಳಿದೆ. ಒಳಗಿಂದ ನಗು ಕೇಳಿಸಿತು. "ಮುಂದಿನ್ ಸಲ ಉಪವಾಸದ್ ಬಗ್ಗೆ ಮಾಡ್ರಮ್ಮ, ಗ್ಯಾಸಾದ್ರೂ ಉಳಿಯತ್ತೆ!"

ಮನೆ ಉಳಿಯಿತು. ಕೆಳಗೆ ಬಂದರೆ ಮಧ್ಯಾಹ್ನದ ನಮಾಜಿನ ಹೊತ್ತು, ಮನೆಯಲ್ಲಿ ಉಳಿದಿದ್ದದ್ದು ಅಡುಗೆಗೆಂದು ತೆಗೆದಿಟ್ಟಿದ್ದ ಒಂದು ಚೊಂಬು ನೀರು. ಅಷ್ಟರಲ್ಲೇ, ಒಂದು ಹನಿಯೂ ಚೆಲ್ಲದಂತೆ, ಮೊಣಕೈ ಮೀರಿ ತೋಯುವಂತೆ ವುಜೂ ಮುಗಿಸಿದೆ. ಜನ್ಮದಲ್ಲಿ ಅಷ್ಟು ಚೆನ್ನಾಗಿ ಮಾಡಿರಲಿಲ್ಲ. ನಮಾಜಿಗೆ ನಿಂತವಳಿಗೆ ಅಲ್ಲಾಹನ ನೆನಪಾಗಬೇಕು. ನನಗೆ ಬಂದದ್ದು ಒಂದೇ ಯೋಚನೆ, ಇದನ್ನಲ್ಲವೇ ಆ ಹುಡುಗಿ ಶೂಟ್ ಮಾಡಬೇಕಿದ್ದದ್ದು!