ಕಿಟಕಿಯಲ್ಲಿದ್ದ ಬೇಟೆಗಾರ

ಏಳು ವರ್ಷದವನಿದ್ದಾಗ ವೆಂಡೆಲ್ ಬೀಸಿ ಎಸೆದ ಪ್ಲಾಸ್ಟಿಕ್ ಬೊಂಬೆಯೊಂದು ಎದುರುಮನೆಯ ಮಿಸೆಸ್ ಕ್ರೌಡರ್ ಅವರ ಅಡುಗೆಮನೆಯ ಕಿಟಕಿಯ ಗಾಜು ಒಡೆದು ಒಳಗೆ ಬಿದ್ದಿತು. ತುಪ್ಪಳದ ಟೋಪಿ ತೊಟ್ಟು, ಒಂದು ಮೊಣಕಾಲೂರಿ, ಕೋವಿ ಗುರಿಯಿಟ್ಟು ಕುಳಿತ ಗಡಿನಾಡ ಬೇಟೆಗಾರ. ಬೆರಳುದ್ದ, ಜೇನಿನ ಬಣ್ಣ. ಮರುದಿನ ಆಕೆ ಹೊಸ ಗಾಜು ಹಾಕಿಸಿ, ಬೊಂಬೆಯನ್ನು ಕಿಟಕಿಯಲ್ಲಿಟ್ಟರು. ಕೋವಿ ನೇರ ವೆಂಡೆಲ್‌ನ ಮನೆಯತ್ತ.

ಈ ಕಡೆ ಬಂದರೆ ಜೋಕೆ ಎಂದು ಅದರ ಅರ್ಥವಿರಬೇಕೆಂದು ಹುಡುಗ ತಿಳಿದ. ತಲೆ ನೆರೆತು, ಶಾಲೆಯ ಬಸ್ಸು ಓಡಿಸುವ ಕೆಲಸದಿಂದ ನಿವೃತ್ತನಾದ ಮೇಲೂ ಹಾಗೆಯೇ ತಿಳಿದಿದ್ದ.

ನಡುವೆ ಅವನು ಒಹಾಯೊದ ಹಳೇ ಸಾಮಾನಿನ ಸಂತೆಗಳನ್ನೆಲ್ಲ ಜಾಲಾಡಿ ಅಂಥ ಬೊಂಬೆಗಳನ್ನು ಕಪಾಟು ತುಂಬ ಕೂಡಿಹಾಕಿದ್ದ. ಮೊಣಕಾಲೂರಿದ ಬೇಟೆಗಾರರೇ ಐದಾರು ಮಂದಿ. ಆದರೆ ಅವೆಲ್ಲ ಬೇರೆಯವರ ಬಾಲ್ಯ. ಕೋವಿಯ ತುದಿಯಲ್ಲಿ ಇವನ ಹಾಲುಹಲ್ಲಿನ ಗುರುತಿದ್ದವನು ರಸ್ತೆಯಾಚೆಗಿದ್ದ.

ಈಗ ಮಿಸೆಸ್ ಕ್ರೌಡರ್ ಮನೆ ಬಿಟ್ಟು ಇಂಡಿಯಾನಾದ ತಂಗಿಯ ಬಳಿಗೆ ಹೊರಟಿದ್ದರು. ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಹರಾಜು. ಚಿಲ್ಲರೆ ಸಾಮಾನುಗಳೆಲ್ಲ ಪೆಟ್ಟಿಗೆಗಳಲ್ಲಿ. ಒಂದು ವಸ್ತು ಬೇಕಾದರೂ ಇಡೀ ಪೆಟ್ಟಿಗೆ ಕೊಳ್ಳಬೇಕು. ಉಪ್ಪಿನ ಬಟ್ಟಲುಗಳ ಪೆಟ್ಟಿಗೆಯಲ್ಲಿ ಬೇಟೆಗಾರ ಅಡ್ಡಬಿದ್ದಿದ್ದ. ವೆಂಡೆಲ್ ಅಲ್ಲೇ ನಿಂತುಬಿಟ್ಟ.

ಪಕ್ಕದಲ್ಲೇ ನೆರೆಮನೆಯ ಲೈಲ್ ಸುಳಿದಾಡುತ್ತಿದ್ದ. ಯಾರಿಗೆ ಏನು ಬೇಕೋ ಅದೇ ತನಗೂ ಬೇಕೆನ್ನುವ ಮನುಷ್ಯ. ಅವನು ಬೇರೆ ಕಡೆ ತಿರುಗುತ್ತಲೇ ವೆಂಡೆಲ್ ಬೊಂಬೆಯನ್ನು ಎತ್ತಿ, ತುಕ್ಕು ಹಿಡಿದ ಬಾಗಿಲ ಕೀಲುಗಳ ಪೆಟ್ಟಿಗೆಯ ತಳಕ್ಕೆ ತುರುಕಿದ. ಆಮೇಲೆ ಏನೂ ಅರಿಯದವನಂತೆ ಚರ್ಚಿನ ಹೆಂಗಸರ ಹತ್ತಿರ ಸೇಬಿನ ಪೈ ತಿನ್ನುತ್ತ ನಿಂತ.

ಕೀಲುಗಳ ಸರದಿ ಬಂತು.

“ಎರಡು ಡಾಲರ್! ಯಾರಾದ್ರೂ ಎರಡು?” ಎಂದು ಹರಾಜುಗಾರ ಕೂಗಿದ.

ವೆಂಡೆಲ್ ಕೈ ಎತ್ತಿದ. ಲೈಲ್ ಗಿರಕ್ಕನೆ ತಿರುಗಿದ.

“ನಿನ್ನ ಮನೇಲಿರೋದೇ ಮೂರು ಬಾಗಿಲು. ಇಷ್ಟೊಂದು ಕೀಲು ಯಾಕೋ?”

“ಬಾಗಿಲು ಕಿರುಗುಟ್ತಾವೆ.”

“ಎಣ್ಣೆ ಬಿಡೋ!”

“ಎಣ್ಣೆ ದುಬಾರಿ.”

ಅಷ್ಟು ಸಾಕಾಯಿತು. “ಐದು!” ಎಂದ ಲೈಲ್. ಇವರಿಬ್ಬರೂ ಹೀಗೆ ಹಾತೊರೆಯುವುದನ್ನು ಕಂಡು, ಕೀಲೆಂದರೆ ಏನೆಂದೇ ಗೊತ್ತಿಲ್ಲದವರೂ ಸವಾಲು ಕೂಗತೊಡಗಿದರು. ಬೆಲೆ ಹಾಲು ಉಕ್ಕಿದಂತೆ ಏರಿ, ಕೊನೆಗೆ ಎಪ್ಪತ್ತಕ್ಕೆ ವೆಂಡೆಲ್‌ನ ತಲೆಗೆ ಬಿತ್ತು.

ಕೊಟ್ಟಿಗೆಯ ಹಿಂದೆ ಅವನು ಪೆಟ್ಟಿಗೆ ಬೋರಲು ಹಾಕಿದ. ಕೀಲು. ಮತ್ತೆ ಕೀಲು. ತಳದಲ್ಲೂ ಕೀಲೇ.

“ಇವನನ್ನ ಹುಡುಕ್ತಿದ್ದೀಯೇನೋ?”

ಮಿಸೆಸ್ ಕ್ರೌಡರ್! ಅವರ ಅಂಗೈಯಲ್ಲಿ ಬೇಟೆಗಾರ.

“ಕಿಟಕಿ ಖಾಲಿ ಮಾಡಿದವರು ಕೇಳದೆ ಇವನನ್ನೂ ತುಂಬಿಬಿಟ್ಟಿದ್ರು. ಒಂದೊಂದೇ ಪೆಟ್ಟಿಗೆ ಕೆದಕಿ ಹುಡುಕಿದೆ. ಆದರೆ ಕೀಲಿನಡಿಗೆ ಹೇಗೆ ಹೋದ ಅಂತೀನಿ?”

ವೆಂಡೆಲ್‌ನ ಕಿವಿ ಕೆಂಪಾಯಿತು. “ಬಚ್ಚಿಟ್ಟಿದ್ದು ನಾನೇ. ಆವತ್ತು ಗಾಜು ಒಡೆದಿದ್ದೂ ನಾನೇ.”

“ಅದು ಗೊತ್ತಿಲ್ವೇನೋ ನಂಗೆ? ನನ್ನ ಅಂಗಳದಿಂದ ಓಡಿಹೋಗೋವಾಗ ನಿನ್ನ ಚಡ್ಡಿ ನನ್ನ ಗುಲಾಬಿ ಗಿಡಕ್ಕೆ ಸಿಕ್ಕಿಹಾಕ್ಕೊಂಡಿತ್ತು. ಅರ್ಧ ಅಲ್ಲೇ ಬಿಟ್ಟು ಹೋದೆ.”

“ಮತ್ತೆ ನನ್ನ ಮನೆಗೇ ಗುರಿಯಿಟ್ಟು ಇಟ್ರಲ್ಲ!”

“ಗುರಿಯೇ? ಅಯ್ಯೋ ಹುಚ್ಚಾ! ನಿನ್ನ ಕಣ್ಣಿಗೆ ಬೀಳ್ಲಿ, ಬಂದು ಕೇಳ್ಲಿ ಅಂತ ಆ ಕಡೆ ಮುಖ ಮಾಡಿಟ್ಟೆ. ಬಂದ್ರೆ ಕೊಡೋಣ ಅಂತ ಬಿಸ್ಕತ್ತು ಬೇರೆ ಮಾಡಿಟ್ಟಿದ್ದೆ. ನೀನು ರಸ್ತೆಯ ಈ ಬದಿಗೇ ಕಾಲಿಡಲಿಲ್ಲ.”

ವೆಂಡೆಲ್ ತುಕ್ಕು ಮೆತ್ತಿದ ಕೈ ಚಾಚಿದ. “ಈಗ ಕೇಳ್ತಾ ಇದ್ದೀನಿ.”

ಆಕೆ ಬೊಂಬೆಯನ್ನು ಅವನ ಅಂಗೈಯಲ್ಲಿಟ್ಟರು. ಆದರೆ ಬೆರಳು ಬಿಡಲಿಲ್ಲ.

“ಈಗ ಹೇಗೋ ಕೊಡ್ಲಿ? ನಮ್ಮವರು ಹೋದ ಮೇಲೆ ಬೆಳಗಿನ ಕಾಫಿಗೆ ಇವನೇ ನಂಗೆ ಜೊತೆ. ಮಂಚ ಹೋಯ್ತು, ಒಲೆ ಹೋಯ್ತು. ಇವನೊಬ್ಬ ಬರ್ತಾನೆ ಅಂದ್ಕೊಂಡಿದ್ದೆ.”

ವೆಂಡೆಲ್ ಕೋವಿಯ ತುದಿಯ ಹಲ್ಲಿನ ಗುರುತನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದ. ಕೈ ಹಿಂದಕ್ಕೆ ತೆಗೆದುಕೊಂಡ.

ಸಂಜೆ ಆಕೆಯ ಕಾರು ಹೊರಟಿತು. ಹಿಂದಿನ ಗಾಜಿನ ಬಳಿ ಬೇಟೆಗಾರನನ್ನು ಕೂರಿಸಿದ್ದರು, ಮುಖ ವೆಂಡೆಲ್‌ನ ಕಡೆಗೆ. ತಿರುವಿನಲ್ಲಿ ಮರೆಯಾಗುವವರೆಗೂ ಬೇಟೆಗಾರ ಗುರಿ ತಪ್ಪಿಸಲಿಲ್ಲ.

ಹಿಂದಿನಿಂದ ಲೈಲ್ ಬಂದು ಅವನ ಕಾಲ ಬಳಿಯ ಕೀಲಿನ ಪೆಟ್ಟಿಗೆಯೊಳಗೆ ಇಣುಕಿದ.

“ವೆಂಡೆಲ್, ಎರಡು ಕೀಲು ಕೊಡೋ. ನಮ್ಮನೆ ಬಾಗಿಲೂ ಕಿರುಗುಟ್ತಿದೆ.”

ವೆಂಡೆಲ್ ಖಾಲಿ ಕಿಟಕಿಯನ್ನೇ ನೋಡುತ್ತಿದ್ದ. “ಅಷ್ಟೂ ತಗೊಂಡು ಹೋಗು,” ಎಂದ.

ಕೂಡಲೇ ಲೈಲ್‌ಗೆ ಅವು ಬೇಡವಾದವು.